ದಂಡಿನ ದಾರಿಯ ಊರುಗಳು: ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳಲ್ಲಿ ಮೈಸೂರು ಯುದ್ಧಗಳ ಪರಿಣಾಮ

೧

ಮೈಸೂರು ರಾಜ್ಯದ ಚರಿತ್ರೆಯನ್ನು ಓದುವವರಿಗೆ ಮಳವಳ್ಳಿಯ ಹೆಸರು ಸಾಮಾನ್ಯವಾಗಿ ಒಂದೇ ಒಂದು ದಿವಸದ ಸಂಬಂಧವಾಗಿ ಪರಿಚಿತವಾಗಿರುತ್ತದೆ. ಕ್ರಿ. ಶ. ೧೭೯೯ನೆಯ ಇಸವಿ ಮಾರ್ಚಿ ತಿಂಗಳು ೨೭ನೆಯ ತಾರೀಖು ಜನರಲ್ ಹ್ಯಾರಿಸನ ಸೈನ್ಯಕ್ಕೂ ಟೀಪೂ ಸುಲ್ತಾನನ ಸೈನ್ಯಕ್ಕೂ ಆ ಊರಿನ ಸಮೀಪದಲ್ಲಿ ಕಾಳಗವಾಯಿತು, ಸುಲ್ತಾನನು ಹಿಮ್ಮೆಟ್ಟಿದನು, ಐದು ವಾರಗಳು ಕಳೆದ ಮೇಲೆ, ಮೇ ೪ನೆಯ ತಾರೀಖು, ಶ್ರೀರಂಗಪಟ್ಟಣವು ಬಿದ್ದಿತು. ಪಠ್ಯಪುಸ್ತಕಗಳು ಇಷ್ಟನ್ನು ಹೇಳಿ ಮುಂದಕ್ಕೆ ಸಾಗುತ್ತವೆ. ಕಾಳಗವಾದ ಮೇಲೆ ಮಳವಳ್ಳಿಯ ಗತಿ ಏನಾಯಿತೆಂಬುದನ್ನು ಅವುಗಳಲ್ಲಿ ಹೇಳಿರುವುದು ಅಪೂರ್ವ. ರೈಸ್ ಸಾಹೇಬರ ಮೈಸೂರು ಗೆಜೆಟಿಯರಿನಲ್ಲಿ ಈ ವಿಷಯವು ಒಂದು ವಾಕ್ಯದಲ್ಲಿ ಅಡಗಿದೆ: ಆ ಪಟ್ಟಣವು ಇಂಗ್ಲಿಷರಿಗೆ ಉಪಯೋಗವಾಗಬಾರದೆಂದು ಸುಲ್ತಾನನೇ ಅದನ್ನು ನಾಶಮಾಡಿಸಿದನು. ತಂದೆಯಾದ ಹೈದರನು ತನಗೆ ಜಾಗೀರಾಗಿ ಕೊಟ್ಟಿದ್ದ ಊರನ್ನು, ಕೆರೆಯ ಮಗ್ಗುಲಲ್ಲಿ ಹಣ್ಣಿನ ತೋಟವಿದ್ದ ಊರನ್ನು, ಅವನು ತಾನೇ ಅಳಿಸಬೇಕಾಯಿತು. ಆ ತೋಟದ ನೆಲವು ಆಮೇಲೆ ಬತ್ತದ ಗದ್ದೆಯಾಯಿತೆಂದೂ ಅದೇ ಗ್ರಂಥದಿಂದ ತಿಳಿಯಬರುತ್ತದೆ.

ಶತ್ರುವು ಬಂದು ಊರನ್ನು ಸುಡುವುದು ಒಂದು ಬಗೆ. ಶತ್ರುವಿಗೆ ದಕ್ಕಬಾರದೆಂದು ಒಡೆಯನೇ ಊರನ್ನು ಸುಡುವುದು ಇನ್ನೊಂದು ಬಗೆ. ಸೂರನ್ನು ಕಳೆದುಕೊಂಡ ಒಕ್ಕಲಿಗನಿಗೆ ಇವೆರಡರಲ್ಲಿ ಹೆಚ್ಚು ವ್ಯತ್ಯಾಸವಿರಲಾರದು. ಹದಿನೆಂಟನೆಯ ಶತಮಾನದ ಕೊನೆಯ ಹತ್ತು ವರ್ಷಗಳಲ್ಲಿ ಇಂದಿನ ಮಂಡ್ಯ ಜಿಲ್ಲೆಯ ಜನರು ಈ ಎರಡು ಬಗೆಯ ಬೆಂಕಿಯನ್ನೂ ಕಂಡರು. ಆ ಅನುಭವವು ಎಂತಹದು, ಅದಕ್ಕೆ ಕಾರಣಗಳು ಯಾವುವು, ಅದನ್ನು ತಿಳಿಯಲು ನಮಗಿರುವ ಸಾಧನಗಳು ಯಾವುವು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

೨

ಮೊದಲು ಭೂಮಿಯ ಸ್ವರೂಪವನ್ನು ಗಮನಿಸಬೇಕು. ಶ್ರೀರಂಗಪಟ್ಟಣವು ರಾಜಧಾನಿಯಾದುದರಿಂದ ಪೂರ್ವದಿಕ್ಕಿನಿಂದ ದಂಡೆತ್ತಿ ಬರುವ ಯಾವ ಸೈನ್ಯಕ್ಕೂ ಈ ಸೀಮೆಯನ್ನು ದಾಟದೆ ಗತ್ಯಂತರವಿರಲಿಲ್ಲ. ಬೆಂಗಳೂರಿನಿಂದ ಅಲ್ಲಿಗೆ ಮುಖ್ಯವಾಗಿ ಎರಡು ದಾರಿಗಳಿದ್ದವು. ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಮೇಲೆ ಹೋಗುವ ರಾಜಮಾರ್ಗ ಒಂದು. ಕಾನಕಾನಹಳ್ಳಿಯ ಮೇಲೆ ಶಿಂಷಾ ನದಿಯನ್ನು ದಾಟಿ ಮಳವಳ್ಳಿಯ ಕಡೆಯಿಂದ ಕಾವೇರಿಯನ್ನು ಸೇರುವ ದಕ್ಷಿಣದ ದಾರಿ ಇನ್ನೊಂದು. ಮದ್ದೂರು ಮೊದಲನೆಯ ದಾರಿಯ ಮೇಲಿತ್ತು, ಮಳವಳ್ಳಿ ಎರಡನೆಯದರ ಮೇಲಿತ್ತು. ಯಾವ ದಾರಿಯನ್ನು ಹಿಡಿದರೂ ಈ ನಾಡಿಗೆ ಬಿಡುಗಡೆಯಿರಲಿಲ್ಲ.

ಪಶ್ಚಿಮ ಭಾಗದಲ್ಲಿ ಈ ಕಷ್ಟವು ಇನ್ನೂ ಹಿಂದಿನದು. ೧೭೭೧ರಲ್ಲಿ ಮರಾಠರು ಹೈದರನನ್ನು ಚಿನಕುರಳಿಯ ಬಳಿ ಸೋಲಿಸಿದ ಮೇಲೆ ಮೇಲುಕೋಟೆಯನ್ನು ಕೆಲವು ದಿವಸಗಳ ಕಾಲ ಸೂರೆಮಾಡಿದರು. ಊರವರು ಓಡಿಹೋದರು. ಕಬ್ಬಿಣದ ಆಸೆಯಿಂದ ಮರದ ದೊಡ್ಡ ತೇರುಗಳಿಗೆ ಬೆಂಕಿಯಿಡಲು, ಆ ಬೆಂಕಿಯು ಕಟ್ಟಡಗಳಿಗೂ ಹತ್ತಿತು. ತೇರೊಂದನ್ನು ಕಟ್ಟುವುದಕ್ಕೆ ಎಷ್ಟು ಊರುಗಳ ಮರ, ಎಷ್ಟು ಮನೆತನಗಳ ಬಡಗಿ ಕಮ್ಮಾರರ ಕೆಲಸ ಕೂಡಬೇಕೆಂಬುದನ್ನು ಬಲ್ಲವರಿಗೆ ಈ ನಷ್ಟದ ಅರ್ಥವು ಹೇಳದೆಯೇ ತಿಳಿಯುತ್ತದೆ.

ಮೂರನೆಯ ಮೈಸೂರು ಯುದ್ಧದಲ್ಲಿ ಲಾರ್ಡ್ ಕಾರನ್‌ವಾಲಿಸನು ೧೭೯೧ನೆಯ ಇಸವಿ ಮಾರ್ಚಿಯಲ್ಲಿ ಬೆಂಗಳೂರನ್ನು ಹಿಡಿದು, ಮೇ ತಿಂಗಳ ಮೊದಲಲ್ಲಿ ಶ್ರೀರಂಗಪಟ್ಟಣದ ಕಡೆಗೆ ಹೊರಟನು. ರಾಜಮಾರ್ಗದಲ್ಲಿ ಸುಲ್ತಾನನ ಸೈನ್ಯವು ಅಡ್ಡಗಟ್ಟಿದ್ದುದರಿಂದ ಅವನು ಕಾನಕಾನಹಳ್ಳಿಯ ದಾರಿಯನ್ನು ಹಿಡಿದನು. ಆ ದಾರಿಯುದ್ದಕ್ಕೂ ಅವನ ಕಣ್ಣಿಗೆ ಬಿದ್ದದ್ದು ಸುಟ್ಟ ಹಳ್ಳಿಗಳು, ಬರಿದಾದ ಮನೆಗಳು. ಧಾನ್ಯವಿಲ್ಲ, ಮೇವಿಲ್ಲ, ದಾರಿ ಕೇಳುವುದಕ್ಕೆ ಒಬ್ಬ ಮನುಷ್ಯನೂ ಇಲ್ಲ. ಮೇ ೧೩ರಂದು ಅರಕೆರೆಯನ್ನು ತಲಪಿ, ೧೫ರಂದು ಕಾಳಗದಲ್ಲಿ ಗೆದ್ದರೂ ಗೆಲವಿನಿಂದ ಅವನಿಗೆ ಪ್ರಯೋಜನವಾಗಲಿಲ್ಲ. ಪಾಳೆಯದಲ್ಲಿ ಸಿಡುಬು ಹರಡಿತು. ಹೊರೆಯ ಎತ್ತುಗಳು ಸಾಲುಸಾಲಾಗಿ ಸತ್ತುವು. ಎಳೆಯುವ ದನಗಳಿಲ್ಲದುದರಿಂದ ಕೋಟೆಯನ್ನೊಡೆಯುವ ದೊಡ್ಡ ಫಿರಂಗಿಗಳನ್ನು ಕನ್ನಂಬಾಡಿಯ ಬಳಿ ಅವನೇ ಒಡೆಯಿಸಿಬಿಟ್ಟು ಹಿಂದಿರುಗಿದನು. ಮರಾಠರ ಸೈನ್ಯವು ಆ ಹೊತ್ತಿಗೆ ಬಂದು ಕೂಡದಿದ್ದರೆ ಅವನ ಪಾಡು ಏನಾಗುತ್ತಿತ್ತೋ ಹೇಳಲಾಗದು. ಮರಾಠರ ಪಾಳೆಯದ ಬಜಾರಿನಲ್ಲಿ ಧಾನ್ಯವು ಹೇರಳವಾಗಿತ್ತು, ಬೆಲೆಯೂ ಬಹಳವಾಗಿತ್ತು. ಇದೇ ಯುದ್ಧದಲ್ಲಿ ಮರಾಠರು ನಾಗಮಂಗಲವನ್ನು ಹಾಳುಮಾಡಿದರು. ಹೈದರನು ಹೊಸದಾಗಿ ಕಟ್ಟಿಸಿದ್ದ ಮದ್ದೂರಿನ ಕೋಟೆಯನ್ನು ಕಾರನ್‌ವಾಲಿಸನು ಕೆಡವಿಸಿದನು.

೧೭೯೨ನೆಯ ಫೆಬ್ರವರಿಯಲ್ಲಿ ಅವನು ಪುನಃ ಬಂದು ಶ್ರೀರಂಗಪಟ್ಟಣವನ್ನು ಮುತ್ತಿದನು. ಸುಲ್ತಾನನು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಕೊಡಲು ಒಪ್ಪಿ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟನು. ಈ ಹಣವು ಎಲ್ಲಿಂದ ಬಂದಿತು? ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ವಿಲ್ಕ್ಸನು ತನ್ನ ಇತಿಹಾಸದಲ್ಲಿ ಇದರ ಲೆಕ್ಕವನ್ನು ಕೊಟ್ಟಿದ್ದಾನೆ. ಬೊಕ್ಕಸದಿಂದ ೧೧೦ ಲಕ್ಷ, ಸೈನ್ಯದವರ ಕಾಣಿಕೆಯಾಗಿ ೬೦ ಲಕ್ಷ, ಉಳಿದ ೧೬೦ ಲಕ್ಷವು ಅಧಿಕಾರಿಗಳಿಂದಲೂ ಪ್ರಜೆಗಳಿಂದಲೂ ನಜರಾನೆಯ ಹೆಸರಿನಲ್ಲಿ ವಸೂಲಾಗತಕ್ಕದ್ದು. ಹೀಗೆ ಸೈನ್ಯವು ನಡೆದು ಹೋದ ದಾರಿಯ ಹಳ್ಳಿಗಳು ಒಮ್ಮೆ ದಂಡಿಗೆ ತೆತ್ತುವು; ದಂಡು ಹೋದಮೇಲೆ ಅದರ ಸಾಲಕ್ಕೆ ತೆತ್ತುವು.

೩

ಏಳು ವರ್ಷಗಳ ತರುವಾಯ ಹ್ಯಾರಿಸನ ದಂಡು ಬಂದಿತು. ಸುಲ್ತಾನನು ಅದು ಚನ್ನಪಟ್ಟಣ ಮದ್ದೂರುಗಳ ಮಾರ್ಗವಾಗಿ ಬರುವುದೆಂದು ನಿರೀಕ್ಷಿಸಿ ಆ ಕಡೆಯ ಮೇವನ್ನು ನಾಶಮಾಡಿಸಿದ್ದನು. ಹ್ಯಾರಿಸನು ಕಾನಕಾನಹಳ್ಳಿಯ ದಾರಿಯನ್ನು ಹಿಡಿದು ಮಳವಳ್ಳಿಗೆ ಬಂದನು. ಕಾಳಗವಾದ ಮೇಲೆ ಅವನು ೧೭೯೧ರಲ್ಲಿ ಕಾರನ್‌ವಾಲಿಸನು ಹೋದ ಅರಕೆರೆಯ ದಾರಿಯನ್ನೇ ಹಿಡಿಯುವನೆಂದು ಎಣಿಸಿ ಸುಲ್ತಾನನು ಅಲ್ಲಿಯೂ ಮೇವನ್ನು ಸುಡಿಸಿದನು. ಹ್ಯಾರಿಸನು ಅದನ್ನು ಬಿಟ್ಟು ಮಾರ್ಚಿ ೩೦ರಂದು ಸೋಸಲೆಯ ಬಳಿ ಕಾವೇರಿಯನ್ನು ದಾಟಿಬಿಟ್ಟನು. ನೆರೆಹೊರೆಯ ಹಳ್ಳಿಗಳ ಜನರು ತಮ್ಮ ದನಕರುಗಳನ್ನೂ ಧಾನ್ಯವನ್ನೂ ಸೋಸಲೆಯ ಕೋಟೆಯಲ್ಲಿ ಸೇರಿಸಿಟ್ಟುಕೊಂಡಿದ್ದರು. ಆ ಸಂಗ್ರಹವು ಇಂಗ್ಲಿಷರಿಗೆ ದೊರೆತು ಅವರ ಸೈನ್ಯವು ಚೇತರಿಸಿಕೊಂಡಿತು. ಯುದ್ಧದ ಚರಿತ್ರೆಕಾರರು ಇದನ್ನು ಹ್ಯಾರಿಸನ ಜಾಣತನವೆಂದು ಬಣ್ಣಿಸುವರು. ಅದು ನಿಜವೇ. ಆದರೆ ಪರಿಣಾಮವನ್ನು ಒಟ್ಟಾಗಿ ನೋಡಿದರೆ, ದಂಡು ಹೋಗದ ದಾರಿಯ ಊರುಗಳು ಮುನ್ನೆಚ್ಚರಿಕೆಯಿಂದ ಸುಟ್ಟುವು. ದಂಡು ಹೋದ ದಾರಿಯ ಊರುಗಳು ಅದರ ಹಸಿವಿಗೆ ಆಹಾರವಾದುವು.

ಈ ಹಸಿವಿನ ಪ್ರಮಾಣವನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಹ್ಯಾರಿಸನ ಸೈನ್ಯದಲ್ಲಿದ್ದು ಆ ಯುದ್ಧದ ವೃತ್ತಾಂತವನ್ನು ಬರೆದ ಬೀಟ್ಸನನ ಪ್ರಕಾರ ಸರ್ಕಾರದ ಕೆಲಸಕ್ಕೆ ಗೊತ್ತಾಗಿದ್ದ ಎತ್ತುಗಳೇ ಅರವತ್ತು ಸಾವಿರ. ಇವಲ್ಲದೆ ಕುದುರೆಗಳು, ಆನೆಗಳು, ನಿಜಾಮನ ದಂಡಿನ ಪ್ರಾಣಿಗಳು, ವ್ಯಾಪಾರಿಗಳ ಹೇರೆತ್ತುಗಳು ಬೇರೆ. ಕಾಲವೋ ಬೇಸಿಗೆ, ಹೊಲದಲ್ಲಿ ಹಸುರು ಹುಲ್ಲಿಲ್ಲ. ರಾಗಿಯ ಕೊಯ್ಲು ಮುಗಿದು ನಾಲ್ಕು ತಿಂಗಳಾಗಿ, ಒಕ್ಕಲು ಮನೆಗಳ ಹಿತ್ತಲಿನ ಹುಲ್ಲಿನ ಮೆದೆಯೂ ನೆಲದೊಳಗಿನ ಹಗೇವಿನ ರಾಗಿಯೂ ಬಿಟ್ಟರೆ ಊರಿನಲ್ಲಿ ಬೇರೆ ಆಸ್ತಿಯಿಲ್ಲ. ಹಗೇವಿನ ರಾಗಿ ವರುಷಗಟ್ಟಲೆ ಕೆಡದೆ ಇರುವುದರಿಂದ ಅದು ಬರಗಾಲಕ್ಕೆ ರೈತನಿಟ್ಟುಕೊಂಡ ಕಾಪು. ದಂಡಿನವರು ಮೊದಲು ಕೈಹಾಕುವುದು ಮೆದೆಗೆ; ಅದು ತೀರಿದರೆ ಹುಡುಕುವುದು ಹಗೇವಿಗೆ. ೧೭೯೧, ೧೭೯೨, ೧೭೯೯ — ಈ ಮೂರು ದಂಡಯಾತ್ರೆಗಳೂ ಸುಗ್ಗಿ ಮುಗಿದ ಮೇಲೆ, ಮುಂಗಾರಿಗೆ ಮೊದಲು ನಡೆದುವು. ಯುದ್ಧಕ್ಕೆ ಅನುಕೂಲವಾದ ಈ ಕಾಲವೇ ಹೊಲವನ್ನು ಹದಮಾಡುವ ಕಾಲ. ಉಳುವ ಎತ್ತು ಕಳೆದುಹೋಗಿ, ಬಿತ್ತನೆಯ ಬೀಜವು ತಿಂದುಹೋಗಿ, ಮನುಷ್ಯನು ಕಾಡಿನಲ್ಲಿ ಅವಿತಿದ್ದರೆ, ಮಳೆಯು ಬಂದರೂ ಬೆಳೆಯಿಲ್ಲ. ಆದುದರಿಂದ ದಂಡಿನ ಒಂದು ವಾರದ ನಡಿಗೆಯು ಹಳ್ಳಿಗೆ ಒಂದು ವರ್ಷದ ಕ್ಷಾಮವಾಗಿ ಪರಿಣಮಿಸುತ್ತಿತ್ತು. ೧೭೮೯ರಿಂದ ೧೭೯೨ರವರೆಗೆ ದಕ್ಷಿಣದೇಶದ ಅನೇಕ ಭಾಗಗಳಲ್ಲಿ ಅನಾವೃಷ್ಟಿಯಿಂದಲೂ ಘೋರ ಕ್ಷಾಮವಿದ್ದಿತೆಂಬುದನ್ನು ಇದರೊಡನೆ ಕೂಡಿಸಿ ನೋಡಬೇಕು.

ನೀರಾವರಿಯ ವಿಷಯವೂ ಹೀಗೆಯೇ. ಕೆರೆಯು ಬರಿಯ ಏರಿ ತೂಬುಗಳಿಂದ ನಡೆಯುವುದಲ್ಲ. ಅದು ಹನ್ನೆರಡು ಆಯಗಾರರ ವ್ಯವಸ್ಥೆಯಿಂದ ನಡೆಯುವುದು. ತೂಬನ್ನು ತೆಗೆದು ಮುಚ್ಚುವ ನೀರಗಂಟಿ, ಎಲ್ಲೆಯನ್ನು ಬಲ್ಲ ತೋಟಿ, ಲೆಕ್ಕವನ್ನಿಡುವ ಶಾನುಭೋಗ, ನೇಗಿಲನ್ನು ಮಾಡುವ ಬಡಗಿ, ಗುಳವನ್ನು ಬಡಿಯುವ ಕಮ್ಮಾರ — ಇವರು ಚೆದರಿಹೋದರೆ ಏರಿಯು ಗಟ್ಟಿಯಾಗಿದ್ದರೂ ಗದ್ದೆಗೆ ನೀರು ಬರುವುದಿಲ್ಲ. ಒಂದೆರಡು ಮಳೆಗಾಲ ನೋಡುವವರಿಲ್ಲದೆ ಹೋದರೆ ಏರಿಯೂ ನಿಲ್ಲುವುದಿಲ್ಲ. ೧೮೦೦ನೆಯ ಇಸವಿಯಲ್ಲಿ ಮದ್ದೂರು ಮಂಡ್ಯಗಳ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ಬಂದ ಬುಕಾನನನು ಈ ಸೀಮೆಯಲ್ಲಿ ಕಂಡ ಪಾಳುಭೂಮಿಯನ್ನೂ, ಯುದ್ಧಕಾಲದಲ್ಲಿ ಕಾಡುಬಿದ್ದು ಹಸಿವಿನಿಂದ ಸತ್ತವರ ವಿಷಯವಾಗಿ ಜನರು ಹೇಳಿದ ಮಾತನ್ನೂ ಬರೆದಿಟ್ಟಿದ್ದಾನೆ. ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ, ಎಂದರೆ ೧೭೯೯ರಿಂದ ೧೮೧೧ರವರೆಗೆ, ಕೆರೆ ಕಾಲುವೆಗಳ ದುರಸ್ತಿಗೆ ಅಷ್ಟು ಗಮನವನ್ನು ಕೊಡಬೇಕಾದುದೇಕೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

೪

ದಂಡಿನಿಂದ ಕೆಟ್ಟವರು ಒಕ್ಕಲುಗಳು ಮಾತ್ರವಲ್ಲ. ದಂಡನ್ನೇ ನಂಬಿ ಬಾಳಿ, ಅದು ನಿಂತಮೇಲೆ ಕೆಟ್ಟ ಜನರೂ ಉಂಟು. ಲಂಬಾಣಿಗಳ ಕಥೆ ಇದಕ್ಕೆ ನಿದರ್ಶನ. ಇಂಗ್ಲಿಷರ ಬರಹಗಳಲ್ಲಿ ಬ್ರಿಂಜಾರಿಗಳೆಂದು ಕರೆಯಲ್ಪಡುವ ಈ ಜನರು ಹೇರೆತ್ತುಗಳ ಮೇಲೆ ಧಾನ್ಯವನ್ನೂ ಉಪ್ಪನ್ನೂ ಹೊರಿಸಿಕೊಂಡು, ಹೆಂಡಿರು ಮಕ್ಕಳೊಡನೆ ದೇಶವನ್ನು ಸುತ್ತುತ್ತಿದ್ದರು. ಅವರು ಯಾವ ಪಕ್ಷದವರೂ ಅಲ್ಲ, ಮಾರುವವರು. ಕಾರನ್‌ವಾಲಿಸನ ೧೭೯೧ರ ಸೋಲಿಗೆ ಧಾನ್ಯದ ಅಭಾವವು ಕಾರಣವಾದರೆ, ೧೭೯೨ರ ಗೆಲವಿಗೆ ಲಂಬಾಣಿಗಳ ಎತ್ತುಗಳು ಒಂದು ಮುಖ್ಯ ಕಾರಣ. ೧೭೯೯ರಲ್ಲಿಯೂ ಅವರು ಹ್ಯಾರಿಸನ ದಂಡಿನ ಸಂಗಡ ಬಂದರು. ರಾಜ್ಯಗಳು ಅವರಿಗಾಗಿ ಕಾದಿದ್ದ ಕಾಲವದು. ಶಾಂತಿಯು ನೆಲೆಸಿ, ಗಾಡಿಯ ರಸ್ತೆಗಳು ಹರಡಿ, ಕೊನೆಗೆ ೧೮೮೧-೮೨ರಲ್ಲಿ ಬೆಂಗಳೂರು ಮೈಸೂರುಗಳ ನಡುವೆ ಮದ್ದೂರು ಮಂಡ್ಯಗಳ ಮೇಲೆಯೇ ರೈಲು ಓಡಿದಾಗ, ಹೇರೆತ್ತಿನ ವ್ಯಾಪಾರವು ಮುಗಿಯಿತು. ದಂಡಿಗೆ ಬೇಕಾಗಿದ್ದ ಅಲೆದಾಟವೇ ಶಾಂತಿಕಾಲದ ಸರ್ಕಾರಕ್ಕೆ ಸಂದೇಹದ ಕಾರಣವಾಯಿತು. ಇಂಡಿಯಾ ದೇಶದಲ್ಲಿ ೧೮೭೧ರಿಂದ ಜಾರಿಗೆ ಬಂದ ಅಪರಾಧಿ ಬುಡಕಟ್ಟುಗಳ ಶಾಸನದ ಕೆಳಗೆ ಹಲವು ಪ್ರಾಂತಗಳಲ್ಲಿ ಅಲೆಮಾರಿ ಜನಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಮಾಡಿದರು. ಆ ಶಾಸನವು ೧೯೫೨ರಲ್ಲಿ ರದ್ದಾಯಿತು.

ದನಗಾಹಿಗಳ ವಿಷಯವನ್ನೂ ಇಲ್ಲಿ ಹೇಳಬೇಕು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯು ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವ ಇಲಾಖೆ. ಹೈದರನ ಕಾಲಕ್ಕೆ ಅದರ ದನಗಳು ಫಿರಂಗಿಯನ್ನೆಳೆಯುವ ದನಗಳಾದುವು; ಟೀಪುವು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟನು. ಹೆಸರಿನಲ್ಲಿ ಅಮೃತವಿದ್ದರೂ ಕೆಲಸವು ಯುದ್ಧದ್ದೇ. ಈ ದನಗಳಿಗಾಗಿ ಕಾವಲುಗಳನ್ನು ಕಟ್ಟುಮಾಡಿದಾಗ ಹಳ್ಳಿಗಳ ಗೋಮಾಳಕ್ಕೂ ಸರ್ಕಾರದ ಹುಲ್ಲುಗಾವಲಿಗೂ ನಡುವೆ ಒಂದು ಗೆರೆ ಬಿದ್ದಿತು. ೧೭೯೯ರ ತರುವಾಯ ಅದೇ ತಳಿಯ ಎತ್ತುಗಳು ಕಂಪೆನಿಯ ಸೈನ್ಯದ ಫಿರಂಗಿಗಳನ್ನೆಳೆದುವು. ಒಡೆಯನು ಬದಲಾದರೂ ಗೆರೆಯು ಹಾಗೆಯೇ ಉಳಿಯಿತು.

೫

ಇಷ್ಟು ವಿಷಯಗಳೂ ನಮಗೆ ದೊರೆತಿರುವುದು ಬಹುಮಟ್ಟಿಗೆ ಗೆದ್ದವರ ಬರಹಗಳಿಂದ. ವಿಲ್ಕ್ಸ್, ಬೀಟ್ಸನ್ ಮೊದಲಾದವರು ಆಧಾರಗಳನ್ನು ಶ್ರದ್ಧೆಯಿಂದ ಕೂಡಿಸಿದವರೇ. ಪಾರಸಿಯಲ್ಲಿ ಬರೆದ ಕಿರ್ಮಾನಿಯೂ ಸುಲ್ತಾನನ ಕಡೆಯ ಮಾತನ್ನು ಹೇಳಿದ್ದಾನೆ. ಆದರೆ ಅವರ ಎಣಿಕೆಯ ಕ್ರಮವನ್ನು ನೋಡಿರಿ. ಸತ್ತ ಸಿಪಾಯಿಗಳಿಗೆ ಲೆಕ್ಕವುಂಟು, ಸತ್ತ ಎತ್ತುಗಳಿಗೂ ಲೆಕ್ಕವುಂಟು, ಫಿರಂಗಿಗಳಿಗೆ ಲೆಕ್ಕವುಂಟು. ಮಳವಳ್ಳಿಯಲ್ಲಿ ಸುಟ್ಟ ಮನೆಗಳಿಗೆ ಲೆಕ್ಕವಿಲ್ಲ. ಎತ್ತನ್ನು ಎಣಿಸಿದವನು ಎತ್ತಿಗೆ ಬೆಲೆಯನ್ನು ಕೊಟ್ಟಿದ್ದನು, ಆದುದರಿಂದ ಎಣಿಸಿದನು. ಇದು ಒಬ್ಬರ ದೋಷವಲ್ಲ. ಆ ಬಗೆಯ ಗ್ರಂಥಗಳ ಸ್ವಭಾವ.

ಇದಕ್ಕೆ ಎದುರಾಗಿ ಇದೇ ನೆಲದ ಇನ್ನೊಂದು ಬಗೆಯ ದಾಖಲೆಯನ್ನು ನೆನೆಯಬಹುದು. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವು ಕನ್ನಡ ವಿದ್ವಾಂಸರೆಲ್ಲರಿಗೂ ಪರಿಚಿತವಾದುದು. ಕ್ರಿ. ಶ. ೯೪೯-೫೦ರ ಈ ಕಲ್ಲಿನಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಮಾಡಿದ ಯುದ್ಧವೂ, ಗಂಗ ಬೂತುಗನು ರಾಜಾದಿತ್ಯನನ್ನು ಕೊಂದುದೂ, ಅದಕ್ಕೆ ಅವನು ಬನವಾಸಿ ಮುಂತಾದ ನಾಡುಗಳನ್ನು ಪಡೆದುದೂ ಹೇಳಿವೆ. ಬೂತುಗನ ಆಳಾದ ಮಣಲೆರನು ಬಹುಮಾನವಾಗಿ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿಯು ಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಆತಕೂರು ಹನ್ನೆರಡು ಮಣಲೆರನಿಗೆ ಬಾಳ್ಗಚ್ಚಾಗಿ ದೊರೆಯಿತು. ಒಂದು ಸಾಮ್ರಾಜ್ಯದ ಯುದ್ಧವೂ ಒಂದು ನಾಯಿಯ ಸಾವೂ ಒಂದೇ ಕಲ್ಲಿನಲ್ಲಿ, ಒಂದೇ ಗೌರವದಿಂದ ನಿಂತಿವೆ.

ವೀರಗಲ್ಲುಗಳ ಮಾತುಗಳನ್ನು ಈ ದೃಷ್ಟಿಯಿಂದ ನೋಡಿದರೆ ಅವು ಬರಿಯ ಪಾರಿಭಾಷಿಕ ಶಬ್ದಗಳಾಗಿ ಉಳಿಯುವುದಿಲ್ಲ. ತುರುಗೋಳ್ ಎಂದರೆ ದನಗಳನ್ನು ಹಿಡಿದೊಯ್ಯುವುದು. ಊರಳಿವು ಎಂದರೆ ಊರಿನ ನಾಶ. ಪೆಣ್ಬುಯ್ಯಲ್ ಎಂದರೆ ಹೆಂಗಸರ ಮೊರೆ. ಕಾದಿ ಸತ್ತವನ ಮನೆಯವರಿಗೆ ಊರು ಬಿಡುತ್ತಿದ್ದ ಭೂಮಿಗೆ ನೆತ್ತರುಕೊಡಗೆ ಎಂದು ಹೆಸರು. ದಂಡಿನಿಂದ ಸಮುದಾಯಕ್ಕೆ ಒದಗುವ ಕೇಡುಗಳನ್ನು ನಮ್ಮ ಹಿಂದಿನವರು ಬಗೆಬಗೆಯಾಗಿ ವಿಂಗಡಿಸಿ ಹೆಸರಿಟ್ಟು, ಅದಕ್ಕೆ ಊರು ಕೊಡಬೇಕಾದ ಪರಿಹಾರವನ್ನೂ ಗೊತ್ತುಮಾಡಿದ್ದರು. ಅವರ ಕಾಲದ ಯುದ್ಧವು ಸೌಮ್ಯವಾಗಿತ್ತೆಂದು ಇದರಿಂದ ತೀರ್ಮಾನಿಸಬಾರದು. ಊರಳಿವಿಗೆ ಒಂದು ಶಬ್ದವು ಬೇಕಾಯಿತೆಂದರೆ ಊರುಗಳು ಅಳಿಯುತ್ತಿದ್ದುವೆಂದೇ ಅರ್ಥ. ವೀರಗಲ್ಲುಗಳು ಕಾದಿದ ಗಂಡಸನ್ನು ಹೊಗಳುತ್ತವೆ. ಕಾದದೆ ಹಸಿದು ಸತ್ತವರನ್ನು ಅವೂ ಹೇಳುವುದಿಲ್ಲ. ಆದರೂ ನಷ್ಟವು ಊರಿನ ನಷ್ಟವೆಂಬ ತಿಳಿವಳಿಕೆ ಅಲ್ಲಿದೆ. ಹದಿನೆಂಟನೆಯ ಶತಮಾನದ ವೇಳೆಗೆ ವೀರಗಲ್ಲನ್ನು ನೆಡುವ ಸಂಪ್ರದಾಯವು ಬಹುಮಟ್ಟಿಗೆ ನಿಂತುಹೋಗಿತ್ತು. ಶ್ರೀರಂಗಪಟ್ಟಣದ ಪತನವನ್ನು ಹಾಡುವ ಲಾವಣಿಗಳು ಹುಟ್ಟಿದವು. ಅವುಗಳ ದೃಷ್ಟಿಯು ಅರಸನ ಮೇಲೆ.

೬

ಹಾಗಾದರೆ ಇನ್ನು ಹುಡುಕಬೇಕಾದುದು ಎಲ್ಲಿ? ಕಂದಾಯದ ಲೆಕ್ಕಗಳಲ್ಲಿ ಬೇಚಿರಾಕ್ ಗ್ರಾಮವೆಂಬ ಒಂದು ಮಾತುಂಟು. ಪಾರಸಿಯಲ್ಲಿ ಇದರ ಅರ್ಥ ದೀಪವಿಲ್ಲದುದು. ಎಲ್ಲೆಯೂ ಭೂಮಿಯೂ ಇದ್ದು ಒಕ್ಕಲಿಲ್ಲದ ಊರು. ಇಂತಹ ಊರುಗಳೆಲ್ಲವೂ ಯುದ್ಧದಿಂದಲೇ ಹಾಳಾದುವೆಂದು ಹೇಳುವುದು ಸಾಹಸವಾಗುತ್ತದೆ. ಸಾಂಕ್ರಾಮಿಕ ರೋಗ, ಕೆರೆ ಒಡೆದುದು, ಬಾವಿ ಬತ್ತಿದುದು, ಪಕ್ಕದ ಊರಿಗೆ ಒಕ್ಕಲು ಸರಿದುದು — ಇವೂ ಕಾರಣಗಳಾಗಬಹುದು. ಆದರೆ ಹಳೆಯ ದಂಡಿನ ದಾರಿಗಳನ್ನು ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ನಕ್ಷೆಯ ಮೇಲೆ ಎಳೆದು, ಅವುಗಳ ಎರಡು ಮಗ್ಗುಲಲ್ಲಿರುವ ಬೇಚಿರಾಕ್ ಗ್ರಾಮಗಳನ್ನೂ, ಅವುಗಳಲ್ಲಿ ಉಳಿದಿರುವ ಗುಡಿ, ಕಟ್ಟೆ, ಮಾರಿಕಲ್ಲುಗಳನ್ನೂ ಗುರುತಿಸಿದರೆ, ಯಾವುದು ಯಾವ ಕಾಲದಲ್ಲಿ ಬರಿದಾಯಿತೆಂಬುದನ್ನು ಶಾಸನಗಳೊಡನೆ ಹೋಲಿಸಿ ವಿಚಾರಿಸಬಹುದು. ರೈಸ್ ಸಾಹೇಬರು ೧೮೯೪ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಮಂಡ್ಯ ಮಳವಳ್ಳಿಗಳ ಶಾಸನಗಳಿವೆ. ಅದರಲ್ಲಿ ಬರುವ ಊರ ಹೆಸರುಗಳೆಷ್ಟು ಇಂದು ದೀಪವುಳ್ಳವು, ಎಷ್ಟು ಇಲ್ಲದವು ಎಂಬ ಪಟ್ಟಿಯೊಂದೇ ಒಂದು ಒಳ್ಳೆಯ ಪ್ರಾರಂಭವಾದೀತು. ಶಾನುಭೋಗರ ಮನೆಗಳ ಕಡತಗಳೂ, ಒಕ್ಕಲುಗಳು ತಮ್ಮ ಮೂಲಸ್ಥಳವೆಂದು ಹೇಳಿ ವರ್ಷಕ್ಕೊಮ್ಮೆ ದೇವರ ಪೂಜೆಗೆ ಹೋಗಿಬರುವ ಹಾಳೂರುಗಳೂ ಈ ಕೆಲಸಕ್ಕೆ ಸಾಕ್ಷಿಗಳು.

ಈ ವಿಚಾರದಲ್ಲಿ ಸುಲ್ತಾನನನ್ನಾಗಲಿ ಕಂಪೆನಿಯವರನ್ನಾಗಲಿ ಮರಾಠರನ್ನಾಗಲಿ ದೂಷಿಸುವುದಕ್ಕೆ ಹೊರಟರೆ ಕೆಲಸವು ಕೆಡುತ್ತದೆ. ಮೂವರೂ ಯುದ್ಧದ ಅಗತ್ಯಕ್ಕೆ ತಕ್ಕಂತೆ ನಡೆದರು. ಮೂವರ ಅಗತ್ಯಕ್ಕೂ ಬೇಕಾದುದು ಅದೇ ಮೆದೆ, ಅದೇ ಹಗೇವು, ಅದೇ ಎತ್ತು. ಮಳವಳ್ಳಿಯು ಮತ್ತೆ ಊರಾಯಿತು, ಮದ್ದೂರು ಮತ್ತೆ ಪೇಟೆಯಾಯಿತು, ಮಂಡ್ಯವು ೧೯೩೯ರಲ್ಲಿ ಜಿಲ್ಲೆಯ ಮುಖ್ಯಪಟ್ಟಣವಾಯಿತು. ಸುಟ್ಟ ನೆಲವನ್ನು ಮತ್ತೆ ಉತ್ತವರ ಹೆಸರು ನಮಗೆ ತಿಳಿಯದು. ಸಾಹಿತ್ಯವನ್ನು ಬೋಧಿಸುವವರು ತರಗತಿಯಲ್ಲಿ ಆತಕೂರಿನ ಕಲ್ಲನ್ನು ಓದಿಸುವಾಗ, ಅದೇ ತಾಲ್ಲೂಕಿನ ಮೇಲೆ ಎಂಟೂವರೆ ಶತಮಾನಗಳ ತರುವಾಯ ಹಾದುಹೋದ ದಂಡುಗಳ ವಿಷಯವನ್ನೂ ಎರಡು ಮಾತಿನಲ್ಲಿ ತಿಳಿಸಿದರೆ, ಊರಳಿವು ಎಂಬ ಶಬ್ದದ ಅರ್ಥವು ನಿಘಂಟಿನ ನೆರವಿಲ್ಲದೆ ವಿದ್ಯಾರ್ಥಿಗಳಿಗೆ ಮನವರಿಕೆಯಾದೀತು.